ಉಲ್ಲನ್ ಕಡ್ಡಿಯೂ ಮಣಿಕಟ್ಟಿನ ನೋವೂ

ಚಳಿ ಬೀಳಲು ಶುರುವಾದರೆ ಸಾಕು, ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಚೀಲದಿಂದ ಉಲ್ಲನ್ ಉಂಡೆಗಳು ಕೆಳಗಿಳಿಯುತ್ತವೆ. ಹುಟ್ಟಲಿರುವ ಮೊಮ್ಮಗುವಿಗೆ ಕುಲಾವಿ, ಮಗಳಿಗೆ ಸ್ವೆಟರ್, ಮನೆಯ ಯಜಮಾನರಿಗೆ ಮಫ್ಲರ್. ಯಂತ್ರದಲ್ಲಿ ತಯಾರಾದ ಸ್ವೆಟರ್ ಅಂಗಡಿಯಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆಂದು ಹೆಣೆಯುವವರಿಗೂ ಗೊತ್ತು. ಆದರೂ ಹೆಣೆಯುತ್ತಾರೆ. ಕಡ್ಡಿ ಹಿಡಿದು ಕುಳಿತರೆ ಮನಸ್ಸು ಹಗುರಾಗುತ್ತದೆ ಎಂಬುದು ಅವರ ಅನುಭವ.

ಈ ಅನುಭವಕ್ಕೆ ಒಂದಿಷ್ಟು ಆಧಾರವೂ ಇದೆ. 2013ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಹಲವು ದೇಶಗಳ 3,545 ಹೆಣಿಗೆಗಾರರು ಪಾಲ್ಗೊಂಡಿದ್ದರು. ಹೆಚ್ಚು ಸಲ ಹೆಣೆಯುವವರು ತಮ್ಮ ಮನಸ್ಸು ಹೆಚ್ಚು ಶಾಂತವಾಗಿರುತ್ತದೆಂದು ಹೇಳಿಕೊಂಡರು. ಹೆಣೆಯುವವರೇ ತಮ್ಮ ಬಗ್ಗೆ ಹೇಳಿದ ಮಾತಾದ್ದರಿಂದ ಇದನ್ನು ಔಷಧ ಪರೀಕ್ಷೆಯಷ್ಟು ಗಟ್ಟಿ ಸಾಕ್ಷಿ ಎನ್ನುವಂತಿಲ್ಲ. ಆದರೆ ತಳ್ಳಿಹಾಕುವ ಮಾತೂ ಅಲ್ಲ.

ತೊಂದರೆ ಶುರುವಾಗುವುದು ಎರಡು ಮೂರು ವಾರಗಳ ನಂತರ. ಹೆಬ್ಬೆರಳಿನ ಬುಡದಲ್ಲಿ ನೋವು. ಹೆಗಲು ಕಲ್ಲಿನಂತೆ ಬಿಗಿತ. ರಾತ್ರಿ ನಿದ್ದೆಯ ನಡುವೆ ಕೈ ಜೋಮು ಹಿಡಿದು ಎಚ್ಚರವಾಗುವುದು. ಎದ್ದು ಕೈ ಕೊಡವಿದರೆ ಸ್ವಲ್ಪ ಸಮಾಧಾನ. "ವಯಸ್ಸಾಯಿತಲ್ಲ ಅಮ್ಮ, ಇನ್ನು ಆ ಕಡ್ಡಿ ಬಿಡು" ಎಂದು ಮನೆಯವರು ಹೇಳುತ್ತಾರೆ. ಅರ್ಧ ಹೆಣೆದ ಸ್ವೆಟರ್ ಮತ್ತೆ ಅಟ್ಟ ಸೇರುತ್ತದೆ.

ಈ ಸಲಹೆ ಪ್ರೀತಿಯಿಂದ ಬಂದದ್ದೇ, ಆದರೆ ಅದರಲ್ಲಿ ಒಂದು ಅನ್ಯಾಯವಿದೆ. ಬೆಳಿಗ್ಗೆಯಿಂದ ಆ ಕೈ ತೆಂಗಿನಕಾಯಿ ತುರಿದಿದೆ, ಚಪಾತಿ ಹಿಟ್ಟು ನಾದಿದೆ, ಬಟ್ಟೆ ಹಿಂಡಿದೆ, ನಡುನಡುವೆ ಮೊಬೈಲನ್ನೂ ಒತ್ತಿದೆ. ಇವೆಲ್ಲಕ್ಕೂ ಬೇಕಾದದ್ದು ಅದೇ ಮಣಿಕಟ್ಟು, ಅದೇ ಹೆಬ್ಬೆರಳು. ದಣಿದ ಕೈ ಮಧ್ಯಾಹ್ನ ಕಡ್ಡಿ ಹಿಡಿದಾಗ ನೋವು ಎದ್ದರೆ ತಪ್ಪೆಲ್ಲ ಕಡ್ಡಿಯ ಮೇಲೆ. ಬಟ್ಟೆ ಹಿಂಡುವುದನ್ನು ಬಿಡು ಎಂದು ಯಾರೂ ಹೇಳುವುದಿಲ್ಲ. ಆಕೆ ತನ್ನ ಸಂತೋಷಕ್ಕಾಗಿ ಮಾಡುವ ಒಂದೇ ಕೆಲಸವನ್ನು ಬಿಡು ಎನ್ನುತ್ತಾರೆ. ಬಹಳ ಸಲ ಬಿಡಬೇಕಾದ ಅಗತ್ಯವೇ ಇರುವುದಿಲ್ಲ. ಸಲಕರಣೆ ಬದಲಿಸಿದರೆ ಸಾಕಾಗುತ್ತದೆ. ಕೆಲವು ಸಲ ಮಾತ್ರ ಕಡ್ಡಿ ಕೆಳಗಿಟ್ಟು ವೈದ್ಯರ ಬಳಿ ಹೋಗಲೇಬೇಕಾಗುತ್ತದೆ. ಯಾವುದು ಯಾವಾಗ ಎಂದು ತಿಳಿದಿರಬೇಕು.

ಮಣಿಕಟ್ಟಿನ ಸುರಂಗ

ನಿಮ್ಮ ಮಣಿಕಟ್ಟಿನ ಅಂಗೈ ಕಡೆಯಲ್ಲಿ ಒಂದು ಇಕ್ಕಟ್ಟಾದ ಸುರಂಗವಿದೆ. ಅದರ ತಳಕ್ಕೂ ಪಕ್ಕಗಳಿಗೂ ಪುಟ್ಟ ಮೂಳೆಗಳು, ಮೇಲೆ ಗಟ್ಟಿಯಾದ ನಾರುಪಟ್ಟಿ. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ 'ಮೀಡಿಯನ್' ಎಂಬ ನರವೂ ಇದರೊಳಗೇ ಹಾದುಹೋಗಬೇಕು. ಬೆಳಗಿನ ಸಿಟಿ ಬಸ್ಸಿನಂತೆ ಅಲ್ಲಿ ಒಬ್ಬರಿಗೂ ಹೆಚ್ಚಿನ ಜಾಗವಿಲ್ಲ. ರಜ್ಜುಗಳ ಹೊದಿಕೆ ಸ್ವಲ್ಪ ಊದಿಕೊಂಡರೂ ಮೊದಲು ಅದುಮಿಸಿಕೊಳ್ಳುವುದು ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಬೇರೆ ನರವಿರುವುದರಿಂದ ಅದು ಸಾಮಾನ್ಯವಾಗಿ ಪಾರಾಗುತ್ತದೆ. ಇದೇ ಕಾರ್ಪಲ್ ಟನಲ್ ತೊಂದರೆ.

ಮಣಿಕಟ್ಟನ್ನು ಮುಂದಕ್ಕೋ ಹಿಂದಕ್ಕೋ ಬಾಗಿಸಿದಾಗ ಸುರಂಗದೊಳಗಿನ ಒತ್ತಡ ಏರುತ್ತದೆ. ನಿದ್ದೆಯಲ್ಲಿ ನಾವು ಕೈ ಮಡಿಸಿಕೊಂಡು ಮಲಗುವುದರಿಂದಲೇ ಜೋಮು ರಾತ್ರಿ ಹೆಚ್ಚು. ಹೆಣಿಗೆಯೇ ಈ ಕಾಯಿಲೆಯನ್ನು ಹುಟ್ಟಿಸುತ್ತದೆ ಎಂದು ಹೇಳಲಾಗದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಬೊಜ್ಜು, ಸಂಧಿವಾತ, ಬಸಿರು ಇವೆಲ್ಲ ಅದಕ್ಕೆ ನೆಲ ಹದ ಮಾಡುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಆದರೆ ಈಗಾಗಲೇ ಇರುವ ಇಕ್ಕಟ್ಟನ್ನು ಬಾಗಿದ ಮಣಿಕಟ್ಟಿನಲ್ಲಿ ಗಂಟೆಗಟ್ಟಲೆ ಮಾಡಿದ ಹೆಣಿಗೆ ಕೆರಳಿಸಬಲ್ಲದು.

ಹೆಬ್ಬೆರಳಿನ ಬುಡದ ನೋವು ಇನ್ನೊಂದು ಬಗೆ. ಹೆಬ್ಬೆರಳನ್ನು ಎತ್ತುವ, ಅಗಲಿಸುವ ಎರಡು ರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದೇ ಕೊಳವೆಯೊಳಗೆ ಓಡಾಡುತ್ತವೆ. ಆ ಕೊಳವೆ ದಪ್ಪವಾದರೆ ಮಗುವನ್ನು ಎತ್ತುವಾಗ, ಬಾಟಲಿಯ ಮುಚ್ಚಳ ತಿರುಗಿಸುವಾಗ ಜೀವ ಹೋಗುವಂಥ ನೋವು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕ್ವೆರ್ವಾಂ ಇದನ್ನು 1895ರಲ್ಲಿ ವಿವರಿಸಿದ್ದರಿಂದ ಕಾಯಿಲೆಗೆ ಅವರದೇ ಹೆಸರು.

ಈಗ ಕೆಲಸದ ಪ್ರಮಾಣ ನೋಡಿ. 38 ಅಂಗುಲ ಸುತ್ತಳತೆ, 24 ಅಂಗುಲ ಉದ್ದದ ಸ್ವೆಟರ್. ಅಂಗುಲಕ್ಕೆ 5 ಕುಣಿಕೆ, 7 ಸಾಲು ಎಂದು ಲೆಕ್ಕ ಹಾಕಿದರೆ ಮೈಭಾಗಕ್ಕೇ 31,920 ಕುಣಿಕೆ. ತೋಳುಗಳು ಬೇರೆ. ಒಂದು ಕುಣಿಕೆಗೆ ಕೈ ಪಡುವ ಶ್ರಮ ಏನೇನೂ ಅಲ್ಲ. ಆದರೆ ಅದನ್ನು ಮೂವತ್ತು ಸಾವಿರದಿಂದ ಗುಣಿಸಬೇಕು. ಸಲಕರಣೆಯಲ್ಲಿನ ಸಣ್ಣ ಕೊರತೆಯೂ ಹೀಗೆಯೇ ಗುಣಿಸಿಕೊಂಡು ಹೋಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೆಣಿಗೆಯ ವಿಷಯದಲ್ಲಿ ಮಾತ್ರ ಹಲವು ಸಲ ನೆಲವೇ ನಿಜವಾಗಿ ಡೊಂಕಾಗಿರುತ್ತದೆ.

ಕಡ್ಡಿ ಹೇಗಿರಬೇಕು?

ಹಳೆಯ ಕಾಲದ ಅಲ್ಯೂಮಿನಿಯಂ ಕಡ್ಡಿ ಗಟ್ಟಿಮುಟ್ಟು, ನುಣುಪು. ಕುಣಿಕೆ ಸರಾಗವಾಗಿ ಜಾರುತ್ತದೆ. ಬಿಗಿಯಾಗಿ ಹೆಣೆಯುವವರಿಗೆ ಅದು ಅನುಕೂಲ. ಆದರೆ ಚಳಿಗಾಲದ ಬೆಳಗಿನಲ್ಲಿ ಕೈಗೆ ತಣ್ಣಗೆ ಹತ್ತುತ್ತದೆ, ಕೀಲುನೋವು ಇರುವವರಿಗೆ ಹಿತವಲ್ಲ. ಜಾರುತ್ತದೆಂಬ ಭಯದಿಂದ ಹೊಸಬರು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ಬಿದಿರಿನ ಅಥವಾ ಮರದ ಕಡ್ಡಿ ಹಗುರ, ಬೆಚ್ಚಗೆ, ಕುಣಿಕೆಯನ್ನು ತುಸು ಹಿಡಿದುಕೊಳ್ಳುತ್ತದೆ. ಕೈ ನೋಯುವವರು ಮೊದಲು ಇದನ್ನು ಪ್ರಯತ್ನಿಸಬೇಕು. ತುದಿ ಸೀಳಿದ್ದರೆ ಸಣ್ಣ ಮರಳು ಕಾಗದದಿಂದ ಉಜ್ಜಿಕೊಳ್ಳಿ. ದಾರ ಪ್ರತಿ ಸಲ ತೊಡರಿದರೆ ಪ್ರತಿ ಸಲವೂ ಮಣಿಕಟ್ಟು ಒಂದು ಜಗ್ಗು ಜಗ್ಗಬೇಕಾಗುತ್ತದೆ.

ದಪ್ಪದ ವಿಷಯ ಇನ್ನೂ ಮುಖ್ಯ. ವಸ್ತು ತೆಳುವಾದಷ್ಟೂ ಅದನ್ನು ಹಿಡಿಯಲು ಬೆರಳು ಹೆಚ್ಚು ಒತ್ತಬೇಕು. ತೆಳು ಕಡ್ಡಿಯಲ್ಲಿ ಒತ್ತಾಗಿ ಹೆಣೆದ ಕಾಲುಚೀಲ ಅಂದವೇನೋ ಹೌದು, ಆದರೆ ಊದಿದ ಬೆರಳಿನ ಗೆಣ್ಣುಗಳಿಗೆ ಅದು ಶಿಕ್ಷೆ. ಅಂಥವರು ದಪ್ಪ ದಾರ, 4ರಿಂದ 5 ಮಿಲಿಮೀಟರ್ ಕಡ್ಡಿ ಆರಿಸಿಕೊಂಡರೆ ಕುಣಿಕೆಗಳೂ ಕಡಿಮೆ, ಹಿಡಿತವೂ ಸಡಿಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ನಮ್ಮ ಅಂಗಡಿಗಳಲ್ಲಿ 'ಎಂಟು ನಂಬರ್', 'ಹತ್ತು ನಂಬರ್' ಎಂದು ಕೇಳುವ ರೂಢಿ ಬ್ರಿಟಿಷರ ಹಳೆಯ ಅಳತೆಯದು. ಅದರಲ್ಲಿ ನಂಬರ್ ಏರಿದಂತೆ ಕಡ್ಡಿ ತೆಳುವಾಗುತ್ತದೆ: 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25. ಅಮೆರಿಕದ ಅಳತೆ ಇದಕ್ಕೆ ತದ್ವಿರುದ್ಧ. ಅವರ 8 ಎಂದರೆ 5 ಮಿಲಿಮೀಟರ್. ಮಗಳು ಅಲ್ಲಿಂದ ಕಳಿಸಿದ ಪುಸ್ತಕದಲ್ಲಿ '8' ಎಂದಿದೆಯೆಂದು ಇಲ್ಲಿಯ ಎಂಟು ನಂಬರ್ ಕಡ್ಡಿಯಲ್ಲಿ ಹೆಣೆದರೆ ದಪ್ಪ ದಾರವನ್ನು ತೆಳು ಕಡ್ಡಿಯಲ್ಲಿ ಎಳೆದಾಡಿದಂತೆ ಆಗುತ್ತದೆ. ಸ್ವೆಟರ್ ಚಿಕ್ಕದಾಗುವುದು ಹಾಗಿರಲಿ, ಕೈ ಮೊದಲೇ ಸೋತಿರುತ್ತದೆ. ತೂತುಗಳಿರುವ ಅಳತೆ ಪಟ್ಟಿ ಹೆಚ್ಚೇನೂ ಬೆಲೆಯದ್ದಲ್ಲ. ನಂಬರ್ ಅಳಿಸಿಹೋದ ಹಳೆಯ ಕಡ್ಡಿಗಳನ್ನೆಲ್ಲ ಅದರಲ್ಲಿ ತೂರಿಸಿ ಮಿಲಿಮೀಟರಿನಲ್ಲೇ ಗುರುತು ಮಾಡಿಟ್ಟುಕೊಳ್ಳಿ.

ಕ್ರೋಶಾ ಕಡ್ಡಿ ಹಿಡಿಯುವವರ ಕಷ್ಟ ಒಂದು ಪಟ್ಟು ಹೆಚ್ಚು, ಏಕೆಂದರೆ ಕೆಲಸವೆಲ್ಲ ಒಂದೇ ಕೈಯದು. ರಬ್ಬರ್ ಹಿಡಿಕೆಯಿರುವ ಕಡ್ಡಿಗಳು ಈಗ ಸಿಗುತ್ತವೆ. ಸಿಗದಿದ್ದರೆ ಮಕ್ಕಳು ಪೆನ್ಸಿಲ್ಲಿಗೆ ತೊಡಿಸುವ ರಬ್ಬರ್ ಕೊಳವೆ ಇದೆಯಲ್ಲ, ಅದನ್ನೇ ತೊಡಿಸಿ. ಅಥವಾ ಹಳೆಯ ಹತ್ತಿ ಬಟ್ಟೆಯ ಪಟ್ಟಿಯನ್ನು ಸುತ್ತಿ ದಾರ ಕಟ್ಟಿ. ನೋಡಲು ಚೆನ್ನಾಗಿರುವುದಿಲ್ಲ, ಕೈಗೆ ಚೆನ್ನಾಗಿರುತ್ತದೆ.

ಭಾರ ಎಲ್ಲಿ ಕೂರುತ್ತದೆ?

ನನ್ನನ್ನು ಕೇಳಿದರೆ, ಹೆಣೆಯುವವರು ಒಂದೇ ಒಂದು ಸಲಕರಣೆಗೆ ಹಣ ಹಾಕುವುದಿದ್ದರೆ ಅದು ವೃತ್ತಾಕಾರದ ಕಡ್ಡಿ. ಎರಡು ಗಿಡ್ಡ ಕಡ್ಡಿಗಳನ್ನು ಮೆತುವಾದ ತಂತಿಯೊಂದು ಕೂಡಿಸಿರುತ್ತದೆ. ಕೊಳವೆಯಂತೆ ಸುತ್ತ ಹೆಣೆಯುವುದಕ್ಕೆ ಮಾತ್ರ ಅದು ಎಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ಸಾಲಿನ ಕೊನೆಗೆ ಬಂದಾಗ ತಿರುಗಿಸಿ ಹಿಡಿದರೆ ಸಾಮಾನ್ಯ ಕಡ್ಡಿಯಂತೆಯೇ ಹಿಂದೆ ಮುಂದೆ ಹೆಣೆಯಬಹುದು.

ಲಾಭ ಎಲ್ಲಿದೆ ಗೊತ್ತೆ? 35 ಸೆಂಟಿಮೀಟರ್ ಉದ್ದದ ನೇರ ಕಡ್ಡಿಯಲ್ಲಿ ಸ್ವೆಟರಿನ ಬೆನ್ನು ತೂಗುತ್ತಿರುವಾಗ ಆ ಭಾರವನ್ನೆಲ್ಲ ಕಡ್ಡಿಯ ಒಂದು ತುದಿ ಹಿಡಿದ ಮಣಿಕಟ್ಟು ಎತ್ತಿಕೊಂಡಿರಬೇಕು. ಉದ್ದನೆಯ ಸೌಟಿನ ತುದಿಯಲ್ಲಿ ಸಾರು ತುಂಬಿ ಹಿಡಿದ ಹಾಗೆ. ಸಾರು ಸ್ವಲ್ಪವೇ ಇದ್ದರೂ ಹಿಡಿ ಉದ್ದವಾದಷ್ಟೂ ಕೈ ಸೋಲುತ್ತದೆ. ವೃತ್ತಾಕಾರದ ಕಡ್ಡಿಯಲ್ಲಿ ಹೆಣೆದದ್ದು ತಂತಿಯ ಮೇಲೆ ಸರಿದು ಮಡಿಲಲ್ಲಿ ಕೂರುತ್ತದೆ. ಕೈಯಲ್ಲಿ ಉಳಿಯುವುದು ಬರಿಯ ತುದಿಗಳು. ಮೊಣಕೈ ಅಗಲಿಸಬೇಕಾಗಿಲ್ಲವಾದ್ದರಿಂದ ಹೆಗಲಿಗೂ ಬಿಡುವು. ಬಸ್ಸಿನಲ್ಲಿ ಹೆಣೆಯುವವರ ಪಕ್ಕದಲ್ಲಿ ಕೂತವರಿಗೂ ಕ್ಷೇಮ! ಕೊಳ್ಳುವಾಗ ತಂತಿ ಮತ್ತು ಕಡ್ಡಿ ಕೂಡುವ ಜಾಗದ ಮೇಲೆ ಉಗುರು ಆಡಿಸಿ ನೋಡಿ. ಅಲ್ಲಿ ಏಣು ಇದ್ದರೆ ಕುಣಿಕೆ ಸಿಕ್ಕಿಕೊಳ್ಳುತ್ತದೆ, ತಳ್ಳಲು ಹೆಬ್ಬೆರಳು ಬೇಕಾಗುತ್ತದೆ.

ಭಾರವನ್ನು ಕೈಯಿಂದ ಕೆಳಗಿಳಿಸುವ ಈ ಯೋಚನೆ ಹೊಸದೇನಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ ಹೆಂಗಸರು ಸೊಂಟಕ್ಕೆ ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಅದರಲ್ಲಿ ಕುದುರೆ ಕೂದಲು ತುಂಬಿದ, ತೂತುಗಳಿರುವ ಒಂದು ಮೆತ್ತೆ. ಬಲಗಡೆಯ ಕಡ್ಡಿಯ ಹಿಂತುದಿಯನ್ನು ತೂತಿಗೆ ಸಿಕ್ಕಿಸಿದರೆ ಕಡ್ಡಿಯನ್ನು ಹಿಡಿದಿರಬೇಕಾದ ಕೆಲಸ ಸೊಂಟದ್ದಾಯಿತು. ಬಲಗೈ ದಾರ ಹಾಕುವುದಕ್ಕೆ ಮಾತ್ರ. ಹೊಟ್ಟೆಪಾಡಿಗಾಗಿ ಹೆಣೆಯುತ್ತಿದ್ದ ಅವರು ಬೆನ್ನ ಮೇಲೆ ಹೊರೆ ಹೊತ್ತು ನಡೆಯುತ್ತಲೂ ಕಾಲುಚೀಲ ಹೆಣೆದರು.

ಕುರ್ಚಿಯ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ ಅಥವಾ ಮಣೆಗೆ ತಾಗಬೇಕು. ಎರಡೂ ಮೊಣಕೈಗಳ ಕೆಳಗೆ ಒಂದೊಂದು ದಿಂಬು. ಆಳವಾದ ಸೋಫಾದಲ್ಲಿ ಮುದುಡಿ ಕುಳಿತು ಮಡಿಲಿಗೆ ಕತ್ತು ಬಾಗಿಸಿದರೆ ಯಾವ ಕಡ್ಡಿಯೂ ನಿಮ್ಮನ್ನು ಕಾಪಾಡಲಾರದು.

ದಾರ, ಬೆಳಕು, ಕಣ್ಣು

ಉಂಡೆ ಮಂಚದ ಕೆಳಗೆ ಉರುಳಿ ಸಿಕ್ಕಿಕೊಂಡಾಗಲೆಲ್ಲ ದಾರ ಹಿಡಿದ ಬೆರಳಿಗೆ ಜಗ್ಗು. ತಪ್ಪಲೆಯೊಳಗೆ ಉಂಡೆ ಹಾಕಿಟ್ಟರೆ ಅದು ಇದ್ದಲ್ಲೇ ತಿರುಗುತ್ತದೆ. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ತೂತು ಮಾಡುವುದಾದರೆ ಅಂಚನ್ನು ನುಣ್ಣಗೆ ಮಾಡಿ. ಲಡಿಯನ್ನು ಉಂಡೆ ಸುತ್ತಲು ಮೊಮ್ಮಗನ ಎರಡು ಕೈ ಸಿಕ್ಕರೆ ಸಂತೋಷ, ಇಲ್ಲದಿದ್ದರೆ ಕುರ್ಚಿಯ ಬೆನ್ನು ಸಾಕು. ಸಡಿಲವಾಗಿ ಸುತ್ತಿ. ಕಿರುಬೆರಳಿಗೆ ದಾರವನ್ನು ಎರಡು ಮೂರು ಸುತ್ತು ಬಿಗಿದುಕೊಳ್ಳುವ ಅಭ್ಯಾಸ ಕೆಲವರಿಗಿದೆ. ಬೆರಳಿನ ಮೇಲೆ ದಾರದ ಗೆರೆ ಬೀಳುವಷ್ಟು ಬಿಗಿ ಇರಬಾರದು.

ನಲವತ್ತು ದಾಟಿದ ಕಣ್ಣಿಗೆ ಹತ್ತಿರದ್ದು ಮಸುಕು. ವಯಸ್ಸಾದಂತೆ ಕಣ್ಣಿಗೆ ಬೆಳಕೂ ಹೆಚ್ಚು ಬೇಕು. ಕುಣಿಕೆ ಕಾಣದಿದ್ದಾಗ ಕತ್ತು ಬಾಗುತ್ತದೆ, ಹೆಣಿಗೆ ಮೇಲೇರುತ್ತದೆ, ಮಣಿಕಟ್ಟು ಮಡಚುತ್ತದೆ. ಎಷ್ಟೋ ಕೈನೋವು ಹೀಗೆ ಕಣ್ಣಿನಿಂದ ಇಳಿದು ಬಂದದ್ದು. ಓದುವ ಕನ್ನಡಕ ಓದುವ ದೂರಕ್ಕೆ ಹೊಂದಿಸಿದ್ದು. ಹೆಣಿಗೆ ಮಡಿಲಲ್ಲಿ ಇನ್ನೂ ದೂರ ಇರಬಹುದು. ಕಣ್ಣಿನ ಪರೀಕ್ಷೆಗೆ ಹೋಗುವ ಮುನ್ನ ಕಣ್ಣಿನಿಂದ ಕಡ್ಡಿಗೆ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆದುಕೊಂಡು ಹೋಗಿ ಹೇಳಿ. ದೀಪ ತಲೆಯ ಮೇಲಿಗಿಂತ ಹೆಗಲ ಪಕ್ಕದಿಂದ ಬರಲಿ. ಕಪ್ಪು ದಾರ ಹೆಣೆಯುವಾಗ ಮಡಿಲ ಮೇಲೆ ಬಿಳಿ ಟವೆಲ್ ಹಾಸಿಕೊಂಡರೆ ಕುಣಿಕೆಗಳು ಎದ್ದು ಕಾಣುತ್ತವೆ.

ಎಣಿಕೆಗೆ ಬಣ್ಣದ ದಾರದ ಉಂಗುರಗಳನ್ನು ಕಡ್ಡಿಗೆ ಹಾಕಿಕೊಳ್ಳಿ. ಪಿನ್ನು, ಸಾಲು ಎಣಿಸುವ ಪುಟ್ಟ ಯಂತ್ರ, ಇವೆಲ್ಲ ನಿಮ್ಮ ಇಷ್ಟ. ಬಿಚ್ಚಿ ಮತ್ತೆ ಹೆಣೆಯುವುದು ತಪ್ಪಿದರೆ ಅಷ್ಟು ಶ್ರಮ ಉಳಿದಂತೆ. ಬಹಳ ಉಪಯೋಗದ ಇನ್ನೊಂದು ಸಲಕರಣೆ ನಿಮ್ಮ ಮನೆಯಲ್ಲೇ ಇದೆ: ಮೊಬೈಲಿನ ಅಲಾರಂ. 20-25 ನಿಮಿಷಕ್ಕೊಮ್ಮೆ ಅದು ಬಾರಿಸಲಿ. ಸಾಲು ಮುಗಿಸಿ ಎದ್ದು, ಮುಷ್ಟಿ ಬಿಗಿದು ಬಿಚ್ಚಿ, ಬೆರಳುಗಳನ್ನು ಅಗಲಿಸಿ, ಹೆಗಲು ತಿರುಗಿಸಿ, ಒಂದು ಲೋಟ ನೀರು ಕುಡಿದು ಬನ್ನಿ. "ಇದೊಂದು ಸಾಲು" ಎನ್ನುತ್ತಲೇ ಹತ್ತು ಸಾಲು ಆಗುವುದು ಹೆಣೆಯುವವರಿಗೆಲ್ಲ ಗೊತ್ತಿರುವ ಮಾತು.

ಮೊಂಡು ಮೂತಿಯ ದಪ್ಪ ಸೂಜಿಯ ಬಗ್ಗೆ ಹೇಳದೆ ಬಿಡಲಾರೆ, ಏಕೆಂದರೆ ಅದು ಕೂಸಿನ ಸುರಕ್ಷತೆಯ ವಿಷಯ. ದಾರದ ತುದಿಗಳನ್ನು ಈ ಸೂಜಿಯಿಂದ ಹೆಣಿಗೆಯೊಳಗೆ ಪೂರ್ತಿ ಹೊಲಿದು ಮುಚ್ಚಬೇಕು. ಕೈಚೀಲ, ಕಾಲುಚೀಲದ ಒಳಗೆ ಬಿಟ್ಟ ಎಳೆಯೊಂದು ಕೂಸಿನ ಬೆರಳಿಗೆ ಸುತ್ತಿಕೊಂಡು ಬಿಗಿದರೆ ರಕ್ತಸಂಚಾರವೇ ನಿಂತೀತು. ಮಗು ಅಳುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ತೊಡಿಸುವ ಮುನ್ನ ಒಳಮೈ ಹೊರಗೆ ಮಾಡಿ ನೋಡಿ. ಕಾರಣವಿಲ್ಲದೆ ಅಳುವ ಕೂಸಿನ ಕಾಲ್ಬೆರಳುಗಳನ್ನು ಬಿಚ್ಚಿ ನೋಡಿ. ಕುಲಾವಿಗೆ ಕತ್ತಿನ ಕೆಳಗೆ ಕಟ್ಟುವ ಉದ್ದನೆಯ ದಾರವೂ ಬೇಡ, ಮಲಗಿಸುವಾಗಲಂತೂ ಬೇಡವೇ ಬೇಡ. ಇನ್ನು ಕಡ್ಡಿಗಳನ್ನು ದಿವಾನದ ಮೇಲೆ ಚುಚ್ಚಿಟ್ಟು ಏಳುವ ಅಭ್ಯಾಸವಿದ್ದರೆ ಬಿಡಿ. ಓಡಾಡುವ ಮಗುವಿನ ಕಣ್ಣು ಅದೇ ಎತ್ತರಕ್ಕೆ ಇರುತ್ತದೆ.

ಕೈಗವಸು, ಪಟ್ಟಿ, ವೈದ್ಯರು

ಬೆರಳ ತುದಿ ತೆರೆದಿರುವ ಬಿಗಿ ಕೈಗವಸುಗಳನ್ನು 'ಸಂಧಿವಾತಕ್ಕೆ' ಎಂದು ಮಾರುತ್ತಾರೆ. ಬ್ರಿಟನ್ನಿನಲ್ಲಿ ಕೀಲುವಾತದ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಬಿಗಿ ಕೈಗವಸಿಗೂ ಸಡಿಲ ಕೈಗವಸಿಗೂ ನೋವಿನ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆಚ್ಚಗಿಟ್ಟುಕೊಳ್ಳುವುದಕ್ಕೆ ನೀವೇ ಹೆಣೆದ ಕೈಗವಸು ಸಾಕು ಎಂದಾಯಿತು. ಬೆಚ್ಚನೆಯ ನೀರಿನಲ್ಲಿ ಐದು ನಿಮಿಷ ಕೈ ಅದ್ದಿ ಕುಳಿತರೂ ಬಿಗಿತ ಸಡಿಲುತ್ತದೆ. ಆದರೆ ಜೋಮು ಹಿಡಿದ ಕೈಗೆ ಬಿಸಿ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ನೀರಿನ ಬಿಸಿಯನ್ನು ಬೇರೆಯವರಿಂದ ಪರೀಕ್ಷಿಸಿಕೊಳ್ಳಬೇಕು.

ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿ ಔಷಧ ಅಂಗಡಿಯಲ್ಲಿ ಸಿಗುತ್ತದೆ. ಕಾರ್ಪಲ್ ಟನಲ್ ತೊಂದರೆಗೆ ಅದನ್ನು ಕಟ್ಟಬೇಕಾದದ್ದು ರಾತ್ರಿ, ಮಲಗುವಾಗ. ಒಂದು ರಾತ್ರಿ ಕಟ್ಟಿ ಬಿಡುವುದಲ್ಲ, ಆರು ವಾರವಾದರೂ ನೋಡಬೇಕು. ಅದನ್ನು ಕಟ್ಟಿಕೊಂಡೇ ಹೆಣೆಯುತ್ತೇನೆ ಎಂದರೆ ಮಣಿಕಟ್ಟಿನ ಕೆಲಸವನ್ನು ಹೆಗಲು ಮಾಡಬೇಕಾಗುತ್ತದೆ. ನೋವಿನ ಮಾತ್ರೆ ನುಂಗಿ ಸ್ವೆಟರ್ ಮುಗಿಸುವ ಹಟವಂತೂ ಬೇಡ. ಮಾತ್ರೆ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸಬಹುದು, ಎಚ್ಚರಿಸುವ ನೋವನ್ನು ಮುಚ್ಚಿಡುತ್ತದೆ.

ವೈದ್ಯರಿಗೆ ತೋರಿಸಲೇಬೇಕಾದ ಲಕ್ಷಣಗಳು ಇವು. ಜೋಮು ದಿನವಿಡೀ ಉಳಿಯುವುದು. ಲೋಟ, ಬೀಗದ ಕೈ ತಾವಾಗಿ ಕೈಜಾರುವುದು. ಗುಂಡಿ ಹಾಕಲು ಆಗದಿರುವುದು. ಹೆಬ್ಬೆರಳಿನ ಬುಡದ ಮಾಂಸದ ದಿಬ್ಬ ಇನ್ನೊಂದು ಕೈಗಿಂತ ಬತ್ತಿದಂತೆ ಕಾಣುವುದು. ಕೊನೆಯದು ಬಂದಿದೆಯೆಂದರೆ ನರ ಬಹಳ ಕಾಲದಿಂದ ಅದುಮಿಹೋಗಿದೆ ಎಂದರ್ಥ. ತಡಮಾಡಿದರೆ ಕಳೆದ ಶಕ್ತಿ ಪೂರ್ತಿ ಹಿಂದಿರುಗದೆ ಹೋಗಬಹುದು. ನರದ ವೇಗ ಅಳೆಯುವ ಪರೀಕ್ಷೆ ಇದೆ. ಪಟ್ಟಿಯಿಂದ ಗುಣವಾಗದಿದ್ದರೆ ಸ್ಟಿರಾಯ್ಡ್ ಚುಚ್ಚುಮದ್ದು, ಅದಕ್ಕೂ ಬಗ್ಗದಿದ್ದರೆ ಸುರಂಗದ ಮೇಲಿನ ನಾರುಪಟ್ಟಿಯನ್ನು ಕತ್ತರಿಸುವ ಶಸ್ತ್ರಕ್ರಿಯೆ. ಸಾಮಾನ್ಯವಾಗಿ ಕೈಗಷ್ಟೇ ಅರಿವಳಿಕೆ ಕೊಟ್ಟು ಮಾಡುತ್ತಾರೆ, ಅದೇ ದಿನ ಮನೆಗೆ ಬರಬಹುದು. ಸಕ್ಕರೆ, ಥೈರಾಯ್ಡ್ ರಕ್ತಪರೀಕ್ಷೆಗಳನ್ನೂ ಮಾಡಿಸಿ. ಕೈ ಜೋಮಿನ ನೆಪದಲ್ಲಿ ಇವು ಮೊದಲ ಸಲ ಪತ್ತೆಯಾಗುವುದುಂಟು.

ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಗೆಣ್ಣುಗಳು ಊದಿ, ಬಿಗಿತ ಬಿಡಲು ಗಂಟೆಗಟ್ಟಲೆ ಹಿಡಿದರೆ ಅದು ಹೆಣಿಗೆಯ ದಣಿವಲ್ಲ, ಕೀಲುವಾತವಿರಬಹುದು. ಬೆರಳು ಮಡಿಸಿದ್ದು ಬಿಚ್ಚಲಾಗದೆ 'ಟಕ್' ಎಂದು ಸಿಡಿದು ಬಿಚ್ಚಿಕೊಂಡರೆ ಅದಕ್ಕೂ ಚಿಕಿತ್ಸೆಯಿದೆ. ಇದ್ದಕ್ಕಿದ್ದಂತೆ ಒಂದು ಕೈ ಸೋತು, ಮಾತು ತೊದಲಿ, ಬಾಯಿ ಸೊಟ್ಟಗಾದರೆ ಮಾತ್ರ ಒಂದು ನಿಮಿಷವೂ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ; ಅದು ಪಾರ್ಶ್ವವಾಯು.

ವೈದ್ಯರ ಬಳಿಗೆ ಹೋಗುವಾಗ ಅರ್ಧ ಹೆಣೆದ ಸ್ವೆಟರನ್ನು ಕಡ್ಡಿಯ ಸಮೇತ ಕೈಚೀಲದಲ್ಲಿಟ್ಟುಕೊಳ್ಳಿ. ಎಲ್ಲಿ ನೋವು ಎಂದು ಬಾಯಲ್ಲಿ ವಿವರಿಸುವುದಕ್ಕಿಂತ ಅವರ ಎದುರಿಗೆ ನಾಲ್ಕು ಕುಣಿಕೆ ಹೆಣೆದು ತೋರಿಸಿದರೆ ಮಣಿಕಟ್ಟು ಎಲ್ಲಿ ಬಾಗುತ್ತದೆ, ಹೆಬ್ಬೆರಳು ಎಲ್ಲಿ ಒತ್ತುತ್ತದೆ ಎಂಬುದನ್ನು ಅವರೇ ಕಣ್ಣಾರೆ ನೋಡುತ್ತಾರೆ.